ಐಷಾರಾಮಿ ಕಾರಿನ ದುರಸ್ತಿ: ಡೀಲರ್ ವರ್ಕ್‌ಶಾಪೋ, ಹೊರಗಿನ ಗ್ಯಾರೇಜೋ?

ಮಂಗಳೂರಿನಲ್ಲಿ ಮರ್ಸಿಡಿಸ್ ಅಥವಾ ಬಿಎಂಡಬ್ಲ್ಯು ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ವಾರಂಟಿ ಮುಗಿಯುವ ದಿನಾಂಕವನ್ನು. ಅಲ್ಲಿಯವರೆಗೆ ಡೀಲರ್ ವರ್ಕ್‌ಶಾಪನ್ನು ಬಿಡುವುದು ಜಾಣತನವಲ್ಲ. ಕಂಪನಿಯೇ ಒಪ್ಪಿಕೊಂಡ ದೋಷಗಳ ರೀಕಾಲ್ ದುರಸ್ತಿಯೂ ಅಲ್ಲಿಯೇ ಉಚಿತವಾಗಿ ಆಗುತ್ತದೆ.

ವಾರಂಟಿ ಮುಗಿದ ಮೇಲೆ ಖರ್ಚಿನ ಲೆಕ್ಕ ಬದಲಾಗುತ್ತದೆ. ಕಂಪನಿಯ ಮುದ್ರೆ ಹೊತ್ತು ಬರುವ ಎಷ್ಟೋ ಬಿಡಿಭಾಗಗಳನ್ನು ತಯಾರಿಸುವವರು ಬಾಷ್, ಝಡ್‌ಎಫ್, ಮಾಹ್ಲೆಯಂತಹವರೇ. ಅವರದೇ ಡಬ್ಬಿಯಲ್ಲಿ ಅವು ಸಾಮಾನ್ಯವಾಗಿ ಅಗ್ಗ. ಶಿರಾಡಿ ಘಾಟಿಯ ಹೊಂಡಗಳಲ್ಲಿ ಓಡಾಡಿ ಸಸ್ಪೆನ್ಷನ್ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ಮೆತ್ತೆ) ಸವೆದು ಕಟಕಟ ಸದ್ದು ಬಂದರೆ, ಡೀಲರ್ ಬಹುಮಟ್ಟಿಗೆ ಆ ಬುಷ್ ಕೂತಿರುವ, ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಇಡೀ ಕಂಟ್ರೋಲ್ ಆರ್ಮನ್ನೇ ಬದಲಿಸುತ್ತಾರೆ. ಹೊರಗಿನ ಗ್ಯಾರೇಜಿನ ಕೈಪಳಗಿದ ಮೆಕ್ಯಾನಿಕ್ ಸಾಧ್ಯವಿದ್ದಲ್ಲಿ ಹಳೆಯ ಬುಷ್ ತೆಗೆದು ಹೊಸದನ್ನು ಪ್ರೆಸ್‌ನಲ್ಲಿ ಕೂರಿಸುತ್ತಾನೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ಬಿಚ್ಚುವ ತಾಳ್ಮೆಯೂ, ನನ್ನ ಅನುಭವದಲ್ಲಿ, ಅಂಥವರಲ್ಲೇ ಹೆಚ್ಚು.

ಆದರೆ ಹೊಸ ಕೀ, ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್, ಏರ್‌ಬ್ಯಾಗ್ ಇತ್ಯಾದಿಗಳಿಗೆ ಸಾಮಾನ್ಯವಾಗಿ ಕಂಪನಿಯ ಸರ್ವರ್‌ಗೆ ಜೋಡಿಸಿ ಕೋಡಿಂಗ್ (ಹೊಸ ಭಾಗವನ್ನು ಆ ಕಾರಿಗೆ ಹೊಂದಿಸುವ ಸಾಫ್ಟ್‌ವೇರ್ ಕೆಲಸ) ಮಾಡಬೇಕಾಗುವುದರಿಂದ ಡೀಲರ್ ದಾರಿಯೇ ಸಲೀಸು. ಮಳೆಗಾಲದಲ್ಲಿ ಎಂಜಿನ್‌ಗೆ ನೀರು ನುಗ್ಗಿ ವಿಮೆಯ ಕ್ಲೇಮ್ ಮಾಡಬೇಕಾದಾಗಲೂ ಅಷ್ಟೇ.

ಎರಡು ಮೂರು ವರ್ಷಗಳಲ್ಲಿ ಕಾರು ಮಾರುವವರಿಗೆ ಡೀಲರ್ ಸರ್ವಿಸ್ ದಾಖಲೆ ಬೆಲೆ ತಂದುಕೊಡುತ್ತದೆ. ಹತ್ತು ವರ್ಷ ಓಡಿಸುವವರಿಗೆ ಹೊರಗಿನ ಗ್ಯಾರೇಜೇ ಲಾಭ. ಅಲ್ಲಿ ಆಯಿಲ್ ಡಬ್ಬಿಯನ್ನು ಎದುರಿಗೇ ತೆರೆಸಿ, ಮ್ಯಾನ್ಯುಯಲ್‌ನಲ್ಲಿರುವ ದರ್ಜೆಯೇ ಅದರ ಮೇಲೂ ಇದೆಯೇ ಎಂದು ಓದಿ ನೋಡಿ, ಬಿಲ್ಲನ್ನು ಕೇಳಿ ಪಡೆಯಿರಿ.