ಕಣ್ಣೇರಿಮುಕ್ಕಿನ ಸಲ್ಲಿವನ್ ಸ್ಮಾರಕ: ಒಂದು ಪಟ್ಟಣ ಹುಟ್ಟುವ ಮೊದಲಿನ ಮನೆ

ಊಟಿಗೆ ಹೋಗುವವರು ಕೋಟಗಿರಿಯ ಬಳಿಯ ಕಣ್ಣೇರಿಮುಕ್ಕಿಗೂ ಹೋಗಬೇಕು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದು ಕಟ್ಟಿಸಿದ ಬಂಗಲೆ ಇಲ್ಲಿದೆ. ಪಾಳುಬಿದ್ದಿದ್ದ ಈ ಕಟ್ಟಡವನ್ನು ಜೀರ್ಣೋದ್ಧಾರಗೊಳಿಸಿ ವಸ್ತುಸಂಗ್ರಹಾಲಯವಾಗಿ ಮಾಡಿರುವುದು ನಿಜಕ್ಕೂ ಮೆಚ್ಚತಕ್ಕ ಕೆಲಸ.

ಹೊರಗೋಡೆಗಳ ಗಾಢ ಕೆಂಪು ಬಣ್ಣ ಹಸಿರಿನ ನಡುವೆ ದೂರದಿಂದಲೇ ಕಾಣುತ್ತದೆ. ಒಳಗಿನ ಹಳೆಯ ಛಾಯಾಚಿತ್ರಗಳು, ಪತ್ರಿಕೆಗಳ ತುಣುಕುಗಳು ಮತ್ತು ಬುಡಕಟ್ಟುಗಳ ಬಳಕೆಯ ವಸ್ತುಗಳನ್ನು ನಿಧಾನವಾಗಿ ನೋಡಿದರೆ, ಯಾರೂ ಇಲ್ಲದ ಬೆಟ್ಟವನ್ನು ಯಾರೋ ಒಬ್ಬರು ಕಂಡುಹಿಡಿದರೆಂಬ ಜನಪ್ರಿಯ ಕಥೆ ಎಷ್ಟು ಅಪೂರ್ಣವೆಂಬುದು ಅರಿವಾಗುತ್ತದೆ. ತೋಡರು, ಕೋಟರು, ಕುರುಂಬರು, ಇರುಳರು ಮತ್ತು ಕನ್ನಡಕ್ಕೆ ಬಹು ಹತ್ತಿರದ ನುಡಿಯಾಡುವ ಬಡಗರು ಸಲ್ಲಿವನ್ ಬರುವ ಮೊದಲೇ ಇಲ್ಲಿ ಬಾಳಿದ್ದರು. ಕೋಟಗಿರಿಯ ಹೆಸರಿನಲ್ಲೇ ಕೋಟರಿದ್ದಾರೆ. ಕನ್ನಡಿಗರಿಗೆ ಬಡಗರ ಭಾಗವೊಂದೇ ಸಾಕು, ಈ ಪ್ರಯಾಣ ಸಾರ್ಥಕ.

ಇಲ್ಲಿಂದ ಮುಂದೆ ಊಟಿಯಲ್ಲಿ ಸಲ್ಲಿವನ್ 1822ರಲ್ಲಿ ಆರಂಭಿಸಿದ ‘ಸ್ಟೋನ್ ಹೌಸ್’ ಆ ಪಟ್ಟಣದ ಮೊದಲ ಐರೋಪ್ಯ ಮನೆಯಾಯಿತು. ಈಗಿನ ಊಟಿ ಕೆರೆಯನ್ನು ನಿರ್ಮಿಸಿದವರೂ ಅವರೇ. ಅವರ ಪತ್ನಿ ಮತ್ತು ಮಗಳ ಸಮಾಧಿಗಳು ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿವೆ. ಎರಡೂ ಮನೆಗಳನ್ನು ಇದೇ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಕಟ್ಟಡ ಚಿಕ್ಕದು, ಒಂದು ಗಂಟೆ ಸಾಕು. ಕನ್ನಡದಲ್ಲಿಯೂ ವಿವರಣಾ ಫಲಕಗಳಿರಬೇಕೆಂಬುದು ನನ್ನ ಮನಃಪೂರ್ವಕ ಆಸೆ.