ಡೆಸ್ಕ್‌ಟಾಪ್‌ಗೆ ವೈಫೈ ಕಾರ್ಡ್: ಮೂರು ವರ್ಷ ಬಳಸಿದ ಮೇಲೆ

ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವೈಫೈ 6 ಮಾದರಿಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೊಂದನ್ನು (ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವಂಥದ್ದು) ಕೂರಿಸಿ ಈಗ ಮೂರು ವರ್ಷ ದಾಟಿದೆ. ಕೊಂಡ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೆ. ಮೂರು ತಿಂಗಳ ಬಳಿಕ ಬರೆದಿದ್ದರೆ ಐದಕ್ಕೆ ಐದನ್ನೂ ಕೊಟ್ಟುಬಿಡುತ್ತಿದ್ದೆನೇನೋ. ಈ ನಡುವೆ ಕಾರ್ಡ್ ಬದಲಾಗಲಿಲ್ಲ. ಬದಲಾದದ್ದು ಅದರ ಆಂಟೆನಾ ನಿಂತ ಜಾಗ ಮತ್ತು ನಾನು ಒಂದೊಂದಾಗಿ ತಿದ್ದಿಕೊಂಡ ನಾಲ್ಕಾರು ಸೆಟ್ಟಿಂಗ್‌ಗಳು. ಹೀಗಾಗಿ ತಯಾರಕರ ಹೆಸರನ್ನು ಬಿಟ್ಟೇ ಬರೆಯುತ್ತಿದ್ದೇನೆ. ಈ ಬಗೆಯ ಕಾರ್ಡುಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಮಾಡುತ್ತವೆ; ಇಲ್ಲಿನ ಮಾತುಗಳು ಅವುಗಳಿಗೂ ಬಹುಪಾಲು ಹೊಂದುತ್ತವೆ.

ಇದಕ್ಕೂ ಮೊದಲು ನಾನು ಬಳಸುತ್ತಿದ್ದುದು ಬೆರಳ ತುದಿಯಷ್ಟಿದ್ದ ಯುಎಸ್‌ಬಿ ಡಾಂಗಲ್. ಅರ್ಧ ಗಂಟೆಯ ವಿಡಿಯೊ ಕರೆಯಲ್ಲಿ ಎರಡು ಬಾರಿಯಾದರೂ ಸಂಪರ್ಕ ಕಡಿಯುತ್ತಿತ್ತು, ಕೈಯಲ್ಲಿ ಮುಟ್ಟಿದರೆ ಚೆನ್ನಾಗಿ ಬಿಸಿಯಾಗಿರುತ್ತಿತ್ತು. ಕೇಬಲ್ ಎಳೆಯುವುದೇ ಎಲ್ಲಕ್ಕಿಂತ ಉತ್ತಮ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ರೂಟರ್ ಮತ್ತು ಕಂಪ್ಯೂಟರಿನ ನಡುವೆ ಎರಡು ಗೋಡೆಗಳಿದ್ದು, ಅವನ್ನು ಕೊರೆಯುವ ಹಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಕಾಣುವುದು ಲೋಹದ ಹೊದಿಕೆ ಹೊತ್ತ ಒಂದು ಗಟ್ಟಿ ಕಾರ್ಡ್. ಆದರೆ ಆ ಹೊದಿಕೆಯ ಕೆಳಗಿರುವುದು ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ, 22 ಮಿಲಿಮೀಟರ್ ಅಗಲ ಮತ್ತು 30 ಮಿಲಿಮೀಟರ್ ಉದ್ದದ ಎಂ.2 ಮಾಡ್ಯೂಲ್, ಉಳಿದದ್ದೆಲ್ಲ ಅದನ್ನು ಡೆಸ್ಕ್‌ಟಾಪ್‌ನ ಸ್ಲಾಟಿಗೆ ಹೊಂದಿಸುವ ಪೀಠ ಮಾತ್ರ. ಈ ಮಾಡ್ಯೂಲ್‌ನಲ್ಲಿ ವೈಫೈ ಭಾಗವು ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಮಾತನಾಡುತ್ತದೆ, ಬ್ಲೂಟೂತ್ ಭಾಗವು ಯುಎಸ್‌ಬಿ ಮೂಲಕ ಮಾತನಾಡುತ್ತದೆ. ಹಾಗಾಗಿ ಕಾರ್ಡನ್ನು ಸ್ಲಾಟಿಗೆ ಒತ್ತಿದ ಮಾತ್ರಕ್ಕೆ ಬ್ಲೂಟೂತ್ ಬರುವುದಿಲ್ಲ. ಜೊತೆಗೆ ಕೊಟ್ಟಿರುವ ತೆಳು ತಂತಿಯನ್ನು ಮದರ್‌ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ 2.0 ಹೆಡರಿಗೆ, ಅಂದರೆ ಬೋರ್ಡಿನ ಮೇಲೆ ಎದ್ದು ನಿಂತಿರುವ ಪಿನ್ನುಗಳ ಗುಂಪಿಗೆ, ಸಿಕ್ಕಿಸಬೇಕು. ಕೈಪಿಡಿಯಲ್ಲಿ ಇದು ಒಂದೇ ಒಂದು ಚಿತ್ರದಲ್ಲಿ ಮುಗಿದುಹೋಗಿತ್ತು, ನಾನು ಅದನ್ನು ಗಮನಿಸದೆ ಒಂದು ಸಂಜೆಯಿಡೀ ಬ್ಲೂಟೂತ್ ಡ್ರೈವರ್ ಹುಡುಕಿದ್ದೆ. ತಂತಿಯ ವಿಷಯ ತಿಳಿದ ಮೇಲೂ ತೊಂದರೆ ಮುಗಿಯಲಿಲ್ಲ. ನನ್ನ ಬೋರ್ಡಿನಲ್ಲಿದ್ದ ಎರಡು ಹೆಡರುಗಳೂ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳಿಗೆ ಮೀಸಲಾಗಿದ್ದವು, ಕೊಟ್ಟಿದ್ದ ತಂತಿಯೂ ಗಿಡ್ಡವಾಗಿತ್ತು. ಕೊನೆಗೆ ಮುಂಭಾಗದ ಎರಡು ಪೋರ್ಟುಗಳನ್ನು ಬಲಿಕೊಟ್ಟು ಬ್ಲೂಟೂತ್ ಪಡೆದೆ. ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆದು ಖಾಲಿ ಹೆಡರ್ ಇದೆಯೇ, ಇದ್ದರೆ ಅದು ಸ್ಲಾಟಿನಿಂದ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳಿ.

ಕಾರ್ಡ್ ಕೂರಿಸುವ ಕೆಲಸ ಅಂಜಬೇಕಾದದ್ದೇನಲ್ಲ. ಕಂಪ್ಯೂಟರನ್ನು ಆರಿಸಿ, ಹಿಂದಿನ ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಹಿಂಬದಿಯ ಪಟ್ಟಿಯನ್ನು ತೆಗೆದು ಕಾರ್ಡನ್ನು ನೇರವಾಗಿ ಒತ್ತಿದರೆ ಆಯಿತು. ಅದು ಅತಿ ಚಿಕ್ಕ ಸ್ಲಾಟಿನ ಕಾರ್ಡಾದರೂ ಉದ್ದನೆಯ ಸ್ಲಾಟಿನಲ್ಲಿಯೂ ಕೂರುತ್ತದೆ. ಹಳೆಯ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ 2.0 ಸ್ಲಾಟಾದರೂ ಚಿಂತೆಯಿಲ್ಲ. ಅದರ ಒಂದು ಲೇನ್ (ದತ್ತಾಂಶ ಸಾಗುವ ದಾರಿ) ಸೆಕೆಂಡಿಗೆ 500 ಮೆಗಾಬೈಟ್, ಅಂದರೆ 4,000 ಮೆಗಾಬಿಟ್ ಸಾಗಿಸುತ್ತದೆ, ಈ ಕಾರ್ಡಿನ ಗರಿಷ್ಠ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ಗಮನಿಸಬೇಕಾದುದು ಎರಡು ಸಂಗತಿಗಳನ್ನು. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ ನಿಷ್ಕ್ರಿಯವಾಗುತ್ತದೆ, ಆಗ ಕಾರ್ಡ್ ಕೆಟ್ಟಿದೆ ಎಂದು ತಪ್ಪು ತಿಳಿಯುವ ಸಂಭವವಿದೆ. ಬೋರ್ಡಿನ ಕೈಪಿಡಿಯಲ್ಲಿ ಈ ಹಂಚಿಕೆಯ ಪಟ್ಟಿ ಇರುತ್ತದೆ. ಮತ್ತೊಂದು, ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಅಂಟಿಕೊಂಡಂತಿರುವ ಸ್ಲಾಟನ್ನು ಬಿಟ್ಟು ಬೇರೆಯದನ್ನು ಆರಿಸುವುದು. ವೈಫೈ ಮಾಡ್ಯೂಲ್ ತಾನೇ ಹೆಚ್ಚು ಬಿಸಿಯಾಗುವ ವಸ್ತುವಲ್ಲ, ಪಕ್ಕದವನ ಬಿಸಿಗಾಳಿಯನ್ನು ಅದೇಕೆ ಉಣ್ಣಬೇಕು?

ಡ್ರೈವರಿನ ವಿಷಯಕ್ಕೆ ಬಂದರೆ, ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ನೆನಪಾಗುತ್ತದೆ. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಪೆಟ್ಟಿಗೆಯಲ್ಲಿ ಒಂದು ಸಿಡಿ ಇತ್ತು; ಸಿಡಿ ಓದುವ ಸಾಧನವನ್ನು ನನ್ನ ಕಂಪ್ಯೂಟರಿನಲ್ಲಿ ಇಟ್ಟು ಎಷ್ಟೋ ವರ್ಷಗಳಾಗಿವೆ. ಇದಕ್ಕೆ ಸುಲಭವಾದ ದಾರಿಯೆಂದರೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ, ಅದರ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಹಂಚುವ ಟೆದರಿಂಗ್ ಚಾಲೂ ಮಾಡುವುದು. ಡ್ರೈವರನ್ನು ಕಾರ್ಡ್ ಮಾರಿದವರ ಪುಟಕ್ಕಿಂತ ಚಿಪ್ ತಯಾರಿಸಿದವರ ಪುಟದಿಂದ ಪಡೆಯುವುದು ಲೇಸು, ಏಕೆಂದರೆ ಮೊದಲನೆಯದು ಬಹುತೇಕ ಹಳೆಯ ಆವೃತ್ತಿಯಾಗಿರುತ್ತದೆ. ಹಾಗೆಂದು ಹೊಸದೆಲ್ಲವೂ ಒಳ್ಳೆಯದೆಂದಲ್ಲ. ಎರಡನೆಯ ವರ್ಷದಲ್ಲಿ ಬಂದ ಒಂದು ಡ್ರೈವರ್ ಹಾಕಿಕೊಂಡ ಮೇಲೆ, ನಿದ್ರಾವಸ್ಥೆಯಿಂದ ಎದ್ದ ಕಂಪ್ಯೂಟರಿಗೆ ವೈಫೈ ಇರುವುದೇ ಮರೆತುಹೋಗುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಡ್ರೈವರಿಗೆ ಮರಳುವ ಗುಂಡಿಯನ್ನು ಒತ್ತಿದೆ, ಸರಿಹೋಯಿತು. ಅಂದಿನಿಂದ ಸರಿಯಾಗಿ ಕೆಲಸ ಮಾಡುವ ಡ್ರೈವರಿನ ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಎತ್ತಿಟ್ಟಿರುತ್ತೇನೆ.

ಆರಂಭದಲ್ಲಿ ಎರಡೇ ನಕ್ಷತ್ರ ಕೊಡುತ್ತಿದ್ದೆ ಎಂದೆನಲ್ಲ, ಅದಕ್ಕೆ ಕಾರಣ ಆಂಟೆನಾ. ಕಾರ್ಡಿನ ಹಿಂಬದಿಗೆ ತಿರುಗಿಸಿ ಕೂರಿಸುವ ಎರಡು ಕಡ್ಡಿಗಳನ್ನು ಕೊಟ್ಟಿದ್ದರು. ಕಂಪ್ಯೂಟರ್ ಮೇಜಿನ ಕೆಳಗೆ, ಬೆನ್ನು ಗೋಡೆಗೆ ಹಾಕಿ ನಿಂತಿತ್ತು. ಅಂದರೆ ಆಂಟೆನಾಗಳ ಒಂದು ಕಡೆ ಉಕ್ಕಿನ ಕ್ಯಾಬಿನೆಟ್, ಇನ್ನೊಂದು ಕಡೆ ಗೋಡೆ, ಸುತ್ತ ತಂತಿಗಳ ಕಾಡು. ಅಲ್ಲಿ ಸಂಕೇತದ ಬಲ ಮೈನಸ್ 71 ಡಿಬಿಎಂ ತೋರಿಸುತ್ತಿತ್ತು. ಈ ಅಂಕಿ ಸೊನ್ನೆಯ ಕಡೆಗೆ ಬಂದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ಮೈನಸ್ 67ಕ್ಕಿಂತ ಕೆಳಗಿಳಿದರೆ ಧ್ವನಿ ಮತ್ತು ವಿಡಿಯೊ ಕರೆಗಳು ತಡವರಿಸತೊಡಗುತ್ತವೆ. ಬಳಿಕ ತಂತಿಯಿರುವ, ಅಯಸ್ಕಾಂತದ ಪೀಠದ ಆಂಟೆನಾವನ್ನು ಬೇರೆಯಾಗಿ ತಂದು ಮೇಜಿನ ಮೇಲೆ, ಬಾಗಿಲಿನ ಕಡೆಗೆ ಇಟ್ಟೆ. ಅದೇ ಕಾರ್ಡ್, ಅದೇ ರೂಟರ್, ಅದೇ ಚಾನೆಲ್. ಅಂಕಿ ಮೈನಸ್ 56ಕ್ಕೆ ಏರಿತು. ಹದಿನೈದು ಡೆಸಿಬೆಲ್ ಎಂದರೆ ಕಿವಿಗೆ ಚಿಕ್ಕದಾಗಿ ಕೇಳಿಸಬಹುದು, ಲೆಕ್ಕದಲ್ಲಿ ಅದು ಸುಮಾರು 30 ಪಟ್ಟು ಹೆಚ್ಚು ಶಕ್ತಿ. ಸಂಪರ್ಕದ ವೇಗ 432 ಮೆಗಾಬಿಟ್‌ನಿಂದ 960ಕ್ಕೆ ಬಂತು, ಮನೆಯೊಳಗಿನ ಇನ್ನೊಂದು ಕಂಪ್ಯೂಟರಿನಿಂದ ಕಡತ ನಕಲಿಸುವಾಗ ಸೆಕೆಂಡಿಗೆ ಸುಮಾರು 620 ಮೆಗಾಬಿಟ್ ಸಿಗತೊಡಗಿತು. ತಂತಿ ಉದ್ದವಾದಷ್ಟೂ ಅದರಲ್ಲೇ ಸಂಕೇತ ಸ್ವಲ್ಪ ಸೋರಿಹೋಗುವುದರಿಂದ ಒಂದು ಮೀಟರಿಗಿಂತ ಉದ್ದದ್ದು ಬೇಡ ಎಂದುಕೊಂಡೆ.

ಆಂಟೆನಾ ಹಿಂಬದಿಯಿಂದ ದೂರ ಬಂದದ್ದರಿಂದ ನಾನು ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಹೊರಗಿನ ಹಾರ್ಡ್‌ಡಿಸ್ಕನ್ನು ಹಿಂದಿನ ಯುಎಸ್‌ಬಿ 3.0 ಪೋರ್ಟಿಗೆ ಜೋಡಿಸಿದಾಗಲೆಲ್ಲ ಬ್ಲೂಟೂತ್ ಮೌಸ್ ಕುಂಟುತ್ತಿತ್ತು. ಯುಎಸ್‌ಬಿ 3.0 ಸಾಧನಗಳು ಮತ್ತು ಕೇಬಲ್ಲುಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂಬುದನ್ನು ಇಂಟೆಲ್ 2012ರಲ್ಲೇ ತನ್ನ ಒಂದು ತಾಂತ್ರಿಕ ಪ್ರಬಂಧದಲ್ಲಿ ವಿವರಿಸಿದೆ. ಬ್ಲೂಟೂತ್ ಓಡಾಡುವುದೂ ಅದೇ ಬೀದಿಯಲ್ಲಿ, ಅದೂ ಇದೇ ಆಂಟೆನಾದ ಮೂಲಕ. ದೂರ ಹೆಚ್ಚಾದೊಡನೆ ಮೌಸ್ ನೆಟ್ಟಗಾಯಿತು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 3000 ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. 5 ಗಿಗಾಹರ್ಟ್ಸ್‌ನಲ್ಲಿ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸಿದರೆ ಸಿಗುವ 2,402 ಮೆಗಾಬಿಟ್‌ಗೆ 2.4 ಗಿಗಾಹರ್ಟ್ಸ್‌ನ 574 ಮೆಗಾಬಿಟ್ ಕೂಡಿಸಿ, ಸುತ್ತಿನ ಸಂಖ್ಯೆಗೆ ಏರಿಸಿ ಬರೆದದ್ದು ಅದು. ನನ್ನ ಕಾರ್ಡ್ ಒಂದು ಹೊತ್ತಿಗೆ ಒಂದೇ ತರಂಗಪಟ್ಟಿಯಲ್ಲಿ (ಬ್ಯಾಂಡ್) ಕೆಲಸ ಮಾಡುತ್ತದೆ, ಆದ್ದರಿಂದ ಆ ಮೊತ್ತ ಯಾವತ್ತಿಗೂ ಕೈಗೆ ಸಿಗುವಂಥದ್ದಲ್ಲ. ಚಾನೆಲ್ ಅಗಲ 80 ಮೆಗಾಹರ್ಟ್ಸ್ ಇದ್ದರೆ ಎರಡು ಆಂಟೆನಾದ ಕಾರ್ಡಿಗೆ ಸೈದ್ಧಾಂತಿಕ ಗರಿಷ್ಠ 1,201 ಮೆಗಾಬಿಟ್. ಕಡತ ನಕಲಿಸುವಾಗ ನಿಜವಾಗಿ ದಕ್ಕುವುದು, ಸಂಪರ್ಕದ ವೇಗವೆಂದು ಪರದೆ ತೋರಿಸುವುದರ ಮೂರರಲ್ಲಿ ಎರಡು ಪಾಲು ಎಂದುಕೊಂಡರೆ ನಿರಾಶೆಯಾಗದು.

ಮೊದಲ ತಿಂಗಳು ನಾನೂ 160ರ ಬೆನ್ನು ಹತ್ತಿದ್ದೆ. 5 ಗಿಗಾಹರ್ಟ್ಸ್‌ನಲ್ಲಿ ಅಷ್ಟು ಅಗಲದ ಜಾಗ ಬೇಕೆಂದರೆ ರಡಾರ್‌ಗಳೊಂದಿಗೆ ಹಂಚಿಕೊಂಡ ಚಾನೆಲ್‌ಗಳನ್ನೂ ಸೇರಿಸಿಕೊಳ್ಳಬೇಕಾಗುತ್ತದೆ. 36ರಿಂದ 64ರವರೆಗಿನ ಗುಂಪಿನಲ್ಲಿ 52ರಿಂದ ಮೇಲಿನವು ಅಂಥವು. ರೂಟರ್ ಅಲ್ಲಿ ಪ್ರಸಾರ ಆರಂಭಿಸುವ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಬೇಕು, ರಡಾರ್‌ನ ಸುಳಿವು ಸಿಕ್ಕರೆ ಜಾಗ ಖಾಲಿಮಾಡಬೇಕು. ನನ್ನಲ್ಲಿ ವಾರಕ್ಕೆ ಎರಡು ಮೂರು ಸಲ ಕಾರಣವಿಲ್ಲದೆ ಸಂಪರ್ಕ ಹೋಗಿ ಬರುತ್ತಿದ್ದುದರ ಗುಟ್ಟು ಇದೇ ಆಗಿತ್ತು. ರೂಟರಿನಲ್ಲಿ ಅಗಲವನ್ನು 80ಕ್ಕೆ ಇಳಿಸಿ ಚಾನೆಲನ್ನು 36ಕ್ಕೆ ಕಟ್ಟಿಹಾಕಿದ ಮೇಲೆ ಆ ಕಾಟ ಮತ್ತೆ ಕಾಣಿಸಲಿಲ್ಲ. ಕಡತ ನಕಲಿಸುವಾಗ ಮಾತ್ರ ತುಸು ವೇಗ ಕಳೆದುಕೊಂಡೆ.

ಕಾರ್ಡಿನ ಕಡೆಯಲ್ಲಿ ತಿದ್ದಿದ್ದು ಕಡಿಮೆ. ಡಿವೈಸ್ ಮ್ಯಾನೇಜರ್‌ನಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಆಯ್ಕೆಯ ಗುರುತನ್ನು ತೆಗೆದೆ. ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್‌ನಲ್ಲಿ ಆ ಉಳಿತಾಯಕ್ಕೆ ಅರ್ಥವಿಲ್ಲ. 5 ಗಿಗಾಹರ್ಟ್ಸ್‌ಗೆ ಆದ್ಯತೆ ಕೊಡುವಂತೆ ಹೇಳಿದೆ. ಭದ್ರತೆಗೆ ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತಾ ವಿಧಾನವನ್ನು ಇಟ್ಟೆ, ಆಗ ಹಳೆಯ ಪ್ರಿಂಟರ್ ಮುನಿಸಿಕೊಂಡಿತು. ರೂಟರನ್ನು ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಸ್ಥಿತಿಗೆ ತಂದೆ, ಹೊಸ ಸಾಧನಗಳು 3ರಲ್ಲೇ ಸೇರಿಕೊಳ್ಳುತ್ತವೆ. ಸಂಪರ್ಕದ ಪುಟದಲ್ಲಿರುವ ಯಾದೃಚ್ಛಿಕ ಮ್ಯಾಕ್ ವಿಳಾಸದ (ಜಾಲಕ್ಕೆ ಕಾರ್ಡಿನ ನಿಜ ಗುರುತಿನ ಬದಲು ಬೇರೊಂದನ್ನು ಕೊಡುವ) ಆಯ್ಕೆಯನ್ನು ಹೊರಗಿನ ವೈಫೈಗೆ ಉಳಿಸಿಕೊಂಡು ಮನೆಯ ಜಾಲಕ್ಕೆ ಮಾತ್ರ ಆಫ್ ಮಾಡಿದ್ದೇನೆ, ಇಲ್ಲದಿದ್ದರೆ ರೂಟರಿನಲ್ಲಿ ಈ ಕಂಪ್ಯೂಟರಿಗೆಂದು ಕಾದಿರಿಸಿದ ಐಪಿ ವಿಳಾಸ ಅದಕ್ಕೆ ಸಿಗುತ್ತಲೇ ಇರಲಿಲ್ಲ.

ಇದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇದೆ. ಅಲ್ಲಿ ಡ್ರೈವರ್ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ಇದ್ದು, ಫರ್ಮ್‌ವೇರ್ ಪೊಟ್ಟಣವೊಂದನ್ನು ಸೇರಿಸಿದ್ದಷ್ಟೇ ನನ್ನ ಕೆಲಸ. ಆದರೂ ಕೆಲವು ದಿನ ಕಾರ್ಡ್ ಕಾಣಿಸುತ್ತಿತ್ತು, ಕೆಲವು ದಿನ ಇಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಕಂಪ್ಯೂಟರ್ ಪೂರ್ತಿಯಾಗಿ ಆರುವುದಿಲ್ಲ, ಅದು ಬಿಟ್ಟುಹೋದ ಅರೆನಿದ್ದೆಯ ಸ್ಥಿತಿಯಲ್ಲೇ ಕಾರ್ಡ್ ಲಿನಕ್ಸ್‌ನ ಕೈಗೆ ಬರುತ್ತದೆ. ಆ ಸೌಲಭ್ಯವನ್ನು ಆಫ್ ಮಾಡಿದೆ, ಆಟ ನಿಂತಿತು.

ಮೂರು ವರ್ಷಗಳಲ್ಲಿ ಸವೆದದ್ದು ಒಂದೇ ಒಂದು: ಕೊಟ್ಟಿದ್ದ ಕಡ್ಡಿ ಆಂಟೆನಾಗಳ ಕೀಲು. ಒಂದಂತೂ ನೆಟ್ಟಗೆ ನಿಲ್ಲದೆ ತಲೆತಗ್ಗಿಸಿ ಜೋತುಬೀಳುತ್ತದೆ. ಕಾರ್ಡ್ ಮಾತ್ರ ಒಮ್ಮೆಯೂ ಕೈಕೊಟ್ಟಿಲ್ಲ. ರೂಟರಿಗೆ ಪಿಂಗ್ ಮಾಡಿದರೆ ಎರಡರಿಂದ ನಾಲ್ಕು ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ, ಸಂಜೆಯ ಹೊತ್ತು ಅಪರೂಪಕ್ಕೆ ಇಪ್ಪತ್ತಕ್ಕೆ ಜಿಗಿಯುತ್ತದೆ. ಕೇಬಲ್ಲಿನಲ್ಲಾದರೆ ಅದು ಒಂದರ ಒಳಗೇ ಸ್ಥಿರವಾಗಿರುತ್ತದೆ. ಹೀಗಾಗಿ ಕ್ಷಣಾರ್ಧವೂ ಲೆಕ್ಕಕ್ಕೆ ಬರುವ ಆಟಗಳನ್ನು ಆಡುವವರಿಗೆ ಮತ್ತು ಆಫ್ ಆಗಿರುವ ಕಂಪ್ಯೂಟರನ್ನು ದೂರದಿಂದ ಎಬ್ಬಿಸಬೇಕಾದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಎರಡನೆಯ ಕೆಲಸವನ್ನು ಇದರಿಂದ ಮಾಡಿಸಲು ನನಗೆ ಸಾಧ್ಯವಾಗಲೇ ಇಲ್ಲ.

ಮುಂದೆ 6 ಗಿಗಾಹರ್ಟ್ಸ್ ಪಟ್ಟಿಯ ರೂಟರ್ ಬಂದರೆ ಇಡೀ ಕಾರ್ಡನ್ನು ಎಸೆಯದೆ, ಹೊದಿಕೆ ಬಿಚ್ಚಿ ಒಳಗಿನ ಮಾಡ್ಯೂಲನ್ನಷ್ಟೇ ಬದಲಿಸುವ ಯೋಚನೆಯಿದೆ. ಹಾಗೆ ಮಾಡುವವರು ಮಾಡ್ಯೂಲಿನ ಹೆಸರನ್ನು ಕೊನೆಯ ಅಂಕಿಯವರೆಗೂ ಓದಬೇಕು. ಇಂಟೆಲ್‌ನ ಎಎಕ್ಸ್210 ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದಲ್ಲೇ ಕೆಲಸ ಮಾಡುತ್ತದೆ. ಎಎಕ್ಸ್211 ನೋಡಲು ಅದರಂತೆಯೇ ಇದ್ದರೂ ತನ್ನ ಕೆಲಸದ ಒಂದು ಪಾಲನ್ನು ಇಂಟೆಲ್‌ನದೇ ಚಿಪ್‌ಸೆಟ್‌ಗೆ ಒಪ್ಪಿಸಿರುವುದರಿಂದ ಇಂಥ ಪೀಠದ ಮೇಲೆ ನಡೆಯುವುದಿಲ್ಲ. ಆಂಟೆನಾ ತಂತಿಯ ತುದಿಯಲ್ಲಿರುವ ಸಾಸಿವೆಯಷ್ಟು ಚಿಕ್ಕ ಕನೆಕ್ಟರುಗಳು ಪದೇ ಪದೇ ಬಿಚ್ಚಿ ಹಾಕಲು ಮಾಡಿದವಲ್ಲ. ಉಗುರಿನಿಂದ ಎಳೆಯದೆ, ನೇರವಾಗಿ ಮೇಲಕ್ಕೆತ್ತಿ ಬಿಡಿಸಬೇಕು.