ಕೊಲ್ಲರ್ 9 ಜೆರ್ಸಿ: ಬಟ್ಟೆ ಓಕೆ, ಪ್ರಿಂಟ್ ಡಬ್ಬಾ

ಯೂರೋ 2004, ಅಂದ್ರೆ ಯುರೋಪಿನ ದೇಶಗಳ ಫುಟ್ಬಾಲ್ ಟೂರ್ನಿಯ ಚೆಕ್ ಟೀಮಿನ ಕೆಂಪು ಜೆರ್ಸಿ, ಬೆನ್ನ ಮೇಲೆ 9, ಅದ್ರ ಮೇಲೆ ಅವ್ರ ಸ್ಟ್ರೈಕರ್, ಅಂದ್ರೆ ಗೋಲ್ ಹೊಡೆಯೋ ಆಟಗಾರ, ಕೊಲ್ಲರ್ ಹೆಸರು. ರೆಟ್ರೋ ಜೆರ್ಸಿ ಮಾರೋ ಒಂದು ಆನ್‌ಲೈನ್ ಅಂಗಡಿಯಿಂದ ತರಿಸ್ದೆ. ಒರಿಜಿನಲ್ ಅಲ್ಲ, ಕಾಪಿ ಅಂತ ಅವ್ರೇ ಹಾಕಿದಾರೆ, ಅದ್ರಲ್ಲಿ ಮೋಸ ಇಲ್ಲ.

ಬಟ್ಟೆ ನಿಜವಾಗ್ಲೂ ಚೆನ್ನಾಗಿದೆ, ಬೆವರು ಹೀರುತ್ತೆ, ಬಣ್ಣ ಬಿಡ್ಲಿಲ್ಲ. ಸೈಜ್ ಮಾತ್ರ ಹುಷಾರು. ನಾನು ಐದೂವರೆ ಅಡಿ, ಯಾವಾಗ್ಲೂ ಹಾಕೋ ಎಲ್ ತಗೊಂಡ್ರೆ ತೊಡೆ ಅರ್ಧಕ್ಕೆ ಬಂತು, ಯಾನ್ ಕೊಲ್ಲರ್ 2.02 ಮೀಟರ್ ಆಸಾಮಿ, ಅವನ ಅಳತೆಗೇ ಹೊಲ್ದುಬಿಟ್ರೇನೋ ಅಂತ ಹೆಂಡ್ತಿ ನಕ್ಕಿದ್ದೇ ನಕ್ಕಿದ್ದು. ಒಂದು ಸೈಜ್ ಕಮ್ಮಿ ತಗೊಳಿ.

ಪ್ರಿಂಟ್ ಕಥೆ ಕೇಳ್ಬೇಡಿ. ಮೂರನೇ ಸಲ ಒಗೆದಾಗ ಹೆಸರಿನ ಎರಡು 'ಎಲ್' ಅಕ್ಷರಗಳಲ್ಲಿ ಮೊದಲನೇದು ತುದಿಯಿಂದ ಎದ್ಕೊಳ್ತು, ಮೇಲೆ ಪಂಚೆ ಹಾಸಿ ಇಸ್ತ್ರಿ ಒತ್ತಿದೆ, ಎರಡು ದಿನ ಸುಮ್ನಿದ್ದು ಮತ್ತೆ ಬಾಯ್ಬಿಡ್ತು, ಈಗ ಪೂರ್ತಿ ಹೋಗಿ ಅಂಟಿನ ಗುರುತಷ್ಟೇ ಉಳ್ದಿದೆ. ದುಡ್ಡು ವಾಪಸ್ ಇಲ್ವಂತೆ, ಕೈಯಲ್ಲಿ ಒಗೀಬೇಕಿತ್ತಂತೆ. ಅದನ್ನ ಮೊದ್ಲೇ ಬರೀಬಾರ್ದಾ? ಹೆಸರು ನೆಟ್ಟಗಿದ್ದಾಗ್ಲೂ ಆಫೀಸಲ್ಲಿ ಒಬ್ಬ 'ಯಾರನ್ನ ಕೊಲ್ಲರು?' ಅಂತ ಕೇಳಿದ್ದ, ಅದು ಬೇರೆ ವಿಷ್ಯ.

ನಂಗೆ ಪ್ರಿಂಟ್‌ಗಿಂತ ಉರಿ ಹತ್ತಿದ್ದು ಅಂಗಡಿಯವ್ರ ಪೇಜಲ್ಲಿ ಕೊಲ್ಲರ್ ಬಗ್ಗೆ 'ಹೆಡರ್ ಸ್ಪೆಷಲಿಸ್ಟ್' ಅಂತ ಒಂದೇ ಸಾಲಲ್ಲಿ ಮುಗ್ಸಿರೋದು. 91 ಮ್ಯಾಚಲ್ಲಿ 55 ಗೋಲ್, ಚೆಕ್ ಟೀಮಿಗೆ ಅಷ್ಟು ಹೊಡೆದವ್ನು ಇನ್ನೊಬ್ಬ ಇಲ್ಲ, ಅದೆಲ್ಲಾ ಬರೀ ತಲೇಲಿ ಆಯ್ತಾ? ಇದೇ ಯೂರೋದಲ್ಲಿ ನೆದರ್ಲೆಂಡ್ಸ್ ಮ್ಯಾಚ್ ನೋಡಿ, ನಮಗೆ ಮಧ್ಯರಾತ್ರಿ ಹನ್ನೆರಡೂಕಾಲಿಗೆ ಶುರು, 0-2 ಹಿಂದೆ ಬಿದ್ದಾಗ ಮೊದಲ ಗೋಲ್ ಇವನದು, ಆಮೇಲೆ ಬಂದ ಕ್ರಾಸನ್ನ ಎದೆಮೇಲೆ ತಗೊಂಡು ಬಾಲನ್ನ ಮೆತ್ತಗೆ, ತಟ್ಟೇಲಿಟ್ಟು ಕೊಟ್ಟಂಗೆ ಜೊತೆ ಆಟಗಾರ ಬಾರೋಶ್ ಮುಂದೆ ಬೀಳಿಸ್ದ, ಬಾರೋಶ್ ಬಾರಿಸ್ದ, 2-2. ಕೊನೆಗೆ ಸ್ಮಿತ್ಸರ್ ಗೋಲಲ್ಲಿ 3-2 ಗೆದ್ರು. ಸೆಮಿಫೈನಲ್ಲಲ್ಲಿ ಗ್ರೀಸ್ ಹತ್ರ ಸೋತಿದ್ದು ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಇನ್ನೊಂದು ಇದೆ. ಇವನು ಚಿಕ್ಕವನಿದ್ದಾಗ ಕಲ್ತಿದ್ದು ಗೋಲ್‌ಕೀಪಿಂಗು. 2002ರ ನವೆಂಬರಲ್ಲಿ ಜರ್ಮನಿಯ ಬಯರ್ನ್ ಕ್ಲಬ್ ವಿರುದ್ಧ ತನ್ನ ಕ್ಲಬ್ ಡಾರ್ಟ್ಮಂಡ್‌ಗೆ ಗೋಲ್ ಹೊಡ್ದಿದ್ದ, ಆಮೇಲೆ ಡಾರ್ಟ್ಮಂಡ್ ಕೀಪರ್ ಲೇಮನ್‌ಗೆ ರೆಡ್ ಕಾರ್ಡ್, ಬದಲಿ ಆಟಗಾರ್ರೂ ಮುಗ್ದಿದ್ರು, ಗ್ಲೌಸ್ ಹಾಕ್ಕೊಂಡು ಇವನೇ ನಿಂತ. ಅಷ್ಟೊತ್ತಿಗಾಗ್ಲೇ ಡಾರ್ಟ್ಮಂಡ್ 1-2 ಹಿಂದಿತ್ತು, ಆದ್ರೆ ಇವನು ನಿಂತ್ಮೇಲೆ ಒಂದೂ ಒಳಗೆ ಬಿಡ್ಲಿಲ್ಲ. ವಿಧಿ ನೋಡಿ, 2008ರ ಯೂರೋದಲ್ಲಿ ಟರ್ಕಿ ಕೀಪರ್ ವೋಲ್ಕನ್ ಇದೇ ಕೊಲ್ಲರನ್ನ ತಳ್ಳಿ ರೆಡ್ ಕಾರ್ಡ್ ತಗೊಂಡ, ಆವಾಗ ಗೋಲಲ್ಲಿ ನಿಂತಿದ್ದು ಟರ್ಕಿಯ ತುಂಜಾಯ್, ಅವನೂ ಕೀಪರ್ ಅಲ್ಲ. ಚೆಕ್‌ನವ್ರು 2-0 ಮುಂದಿದ್ದು 3-2 ಸೋತ್ರು.

ಜೆರ್ಸಿಗೆ ಐದಕ್ಕೆ ಮೂರು. ಹೆಸರಿಲ್ದೆ ಪ್ಲೇನ್ ತಗೊಂಡು ಊರಲ್ಲೇ ಪ್ರಿಂಟ್ ಹಾಕ್ಸಿ. ಕೊಲ್ಲರ್ ಹೆಸರಲ್ಲಿ ಡಾರ್ಟ್ಮಂಡ್ ಕೀಪರ್ ಜೆರ್ಸಿ ಮಾಡ್ಕೊಡ್ತೀರಾ ಅಂತ ಅಂಗಡಿಯವ್ರಿಗೆ ಮೆಸೇಜ್ ಹಾಕಿದ್ದೆ. 'ಸರ್ ಅವ್ರು ಸ್ಟ್ರೈಕರ್' ಅಂತ ರಿಪ್ಲೈ ಬಂತು.